ಕೆಡವಿದ ಕಂಬ, ಉಳಿದ ಪ್ರತಿಮೆ

ಬಲಿಷ್ಠ ರಾಷ್ಟ್ರವೊಂದನ್ನು ಹೊರಗಿನ ಜನ ಏಕೆ ಮೆಚ್ಚುತ್ತಾರೆ, ಏಕೆ ಹಳಿಯುತ್ತಾರೆ ಎಂಬ ಪ್ರಶ್ನೆ ಬಂದಾಗಲೆಲ್ಲ ಎರಡು ಸಿದ್ಧ ಉತ್ತರಗಳು ಕೇಳಿಬರುತ್ತವೆ. ಹಳಿಯುವವರದು ಹೊಟ್ಟೆಕಿಚ್ಚು ಎಂಬುದು ಒಂದು. ಮೆಚ್ಚುವವರದು ದಾಸ್ಯಬುದ್ಧಿ ಎಂಬುದು ಇನ್ನೊಂದು. ಎರಡರಲ್ಲಿಯೂ ಅಷ್ಟಿಷ್ಟು ಸತ್ಯವಿದ್ದೀತು. ಆದರೆ ಮೆಚ್ಚುವವರು ಬೇರೆ, ಹಳಿಯುವವರು ಬೇರೆ ಎಂದು ಈ ಉತ್ತರಗಳು ಮೊದಲೇ ನಿಶ್ಚಯಿಸಿಕೊಂಡುಬಿಟ್ಟಿವೆ. ನಾನು ಕಂಡದ್ದು ಹಾಗಲ್ಲ. ಚಾಮರಾಜಪೇಟೆಯ ನಮ್ಮ ಮನೆಯಲ್ಲಿ ಆ ಎರಡು ಭಾವಗಳೂ ಒಬ್ಬರ ಎದೆಯಲ್ಲಿಯೇ ವಾಸವಾಗಿದ್ದುವು. ಅವರು ನಮ್ಮ ತಾತ.

1964ನೆಯ ಇಸವಿಯಲ್ಲಿ ಬೆಂಗಳೂರು ಕಾರ್ಪೊರೇಷನ್ ತನ್ನ ಕಛೇರಿಯ ಹತ್ತಿರವೇ ಇದ್ದ ಕಲ್ಲಿನ ಕಂಬವೊಂದನ್ನು ಕೆಡವಿಸಿತು. ಸೆನೋಟಾಫ್ ಎಂದು ಅದಕ್ಕೆ ಹೆಸರು. ಬೆಂಗಳೂರನ್ನು ಗೆಲ್ಲುವ ಯುದ್ಧದಲ್ಲಿ ಸತ್ತ ಇಂಗ್ಲಿಷ್ ಅಧಿಕಾರಿಗಳ ನೆನಪಿಗಾಗಿ ನಿಲ್ಲಿಸಿದ್ದ ಕಂಬ ಅದು. ನಾನಾಗ ಹತ್ತು ವರ್ಷದ ಹುಡುಗ. ತಾತ ನನ್ನ ಕೈ ಹಿಡಿದುಕೊಂಡು ಹೋಗಿ ಅಲ್ಲಿ ರಾಶಿ ಬಿದ್ದಿದ್ದ ಕಲ್ಲುಗಳನ್ನು ತೋರಿಸಿದರು. ಹಿಂದಿರುಗುವಾಗ ನಾನು ಕೇಳಿದೆ: "ತಾತ, ಅಠಾರಾ ಕಛೇರಿಯ ಮುಂದೆ ಕುದುರೆ ಮೇಲೆ ಕೂತಿದಾನಲ್ಲ ಕಬ್ಬನ್ ಸಾಹೇಬ, ಅವನನ್ನೂ ಕೆಡವುತ್ತಾರಾ?" ತಾತ ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು: "ಇಲ್ಲ ಮಗು. ಇದು ನಮ್ಮನ್ನು ಗೆದ್ದದ್ದರ ಗುರುತು. ಅವನು ಇಲ್ಲಿ ಬಾಳಿದವನು."

ಆ ಮಾತಿನ ಅರ್ಥ ನನಗೆ ಆಗ ಆಗಲಿಲ್ಲ. ಮುಂದೆ ಚರಿತ್ರೆಯನ್ನು ಓದಿದ ಮೇಲೆ ಸ್ವಲ್ಪಮಟ್ಟಿಗೆ ಆಯಿತು ಎನ್ನಬಹುದು. ಅದನ್ನೇ ಇಲ್ಲಿ ನಿವೇದಿಸುತ್ತೇನೆ.

ಮೊದಲು ಕಂಬದ ಕಥೆ. 1791ರ ಮಾರ್ಚ್ 7ರಂದು ಕಾರ್ನ್‌ವಾಲಿಸನ ಸೈನ್ಯ ಬೆಂಗಳೂರು ಪೇಟೆಯ ಬಾಗಿಲನ್ನು ಒಡೆದು ಒಳನುಗ್ಗಿತು. ಅದೇ ತಿಂಗಳ 21ರ ರಾತ್ರಿ ಕೋಟೆಯೂ ಬಿದ್ದಿತು. ಟಿಪ್ಪು ಸುಲ್ತಾನನ ಕಿಲ್ಲೇದಾರ ಬಹಾದುರ್ ಖಾನ್ ಕಾದಾಡುತ್ತ ಮಡಿದ. ಪೇಟೆಯ ಬೀದಿಗಳಲ್ಲಿಯೂ ಕೋಟೆಯ ಗೋಡೆಯ ಬಳಿಯಲ್ಲಿಯೂ ಬಿದ್ದ ಹೆಣಗಳಿಗೆ ಲೆಕ್ಕವಿರಲಿಲ್ಲ. ಕಂಬವೇನೋ ಎದ್ದಿತು, ಆದರೆ ಅದು ನೆನೆದದ್ದು ಗೆದ್ದವರ ಕಡೆಯ ಸಾವುಗಳನ್ನು ಮಾತ್ರ. ಸತ್ತವರನ್ನು ನೆನೆಯುವುದು ತಪ್ಪಲ್ಲ. ಸೋತವರ ಊರಿನ ನಡುವೆ, ಸೋತವರ ಸಾವಿನ ಮಾತನ್ನೇ ಎತ್ತದೆ ನೆನೆಯುವುದು ಬೇರೆಯ ಸಂಗತಿ. ಕಲ್ಲು ಬಾಯಿ ಬಿಡದಿದ್ದರೂ ಆ ದಾರಿಯಲ್ಲಿ ನಡೆದವರಿಗೆ ಅದರ ಮಾತು ಕೇಳಿಸುತ್ತಿತ್ತು.

1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಕಂಪನಿ ಸರ್ಕಾರ ಮೈಸೂರಿನ ಸಿಂಹಾಸನದಲ್ಲಿ ಬಾಲಕ ಮುಮ್ಮಡಿ ಕೃಷ್ಣರಾಜ ಒಡೆಯರನ್ನು ಕೂರಿಸಿತು. ಜೊತೆಗೇ ವರ್ಷಕ್ಕೆ ಏಳು ಲಕ್ಷ ವರಹ, ಎಂದರೆ ಸುಮಾರು 24.5 ಲಕ್ಷ ರೂಪಾಯಿಗಳ ಪೊಗದಿಯನ್ನು ಗೊತ್ತುಮಾಡಿತು. 1809ರಲ್ಲಿ ಹಲಸೂರಿನ ಕಡೆ ಇಂಗ್ಲಿಷ್ ಸೈನ್ಯದ ಬೀಡು ಏರ್ಪಟ್ಟಿತು. ನಮ್ಮ ಜನ ಅದನ್ನು 'ದಂಡು' ಎಂದು ಕರೆದರು. 1831ರಲ್ಲಿ ಆಡಳಿತವನ್ನೂ ರಾಜರ ಕೈಯಿಂದ ತೆಗೆದುಕೊಂಡು ಕಮಿಷನರುಗಳಿಗೆ ಒಪ್ಪಿಸಿದ್ದಾಯಿತು. 1881ರಲ್ಲಿ ರಾಜ್ಯ ಚಾಮರಾಜ ಒಡೆಯರಿಗೆ ಮರಳಿ ಬಂದಾಗಲೂ ದಂಡು ಮರಳಲಿಲ್ಲ. ರೆಸಿಡೆಂಟನ ಅಧಿಕಾರದಲ್ಲಿಯೇ ಉಳಿಯಿತು. ಹೀಗೆ ಒಂದೇ ಊರಿನಲ್ಲಿ ಎರಡು ಊರು, ಎರಡು ಮುನಿಸಿಪಾಲಿಟಿ, ಎರಡು ಸರ್ಕಾರ. ನಡುವೆ ಒಂದು ಉದ್ಯಾನ. 1892ರಲ್ಲಿ ಚಾಮರಾಜಪೇಟೆಯೂ, 1898ರ ಪ್ಲೇಗಿನ ಹೊತ್ತಿನಲ್ಲಿ ಬಸವನಗುಡಿ, ಮಲ್ಲೇಶ್ವರಗಳೂ ರೂಪುಗೊಂಡಾಗ ಅಲ್ಲಿಗೆ ಬಂದು ನೆಲಸಿದ ಗುಮಾಸ್ತರು, ಉಪಾಧ್ಯಾಯರು, ವಕೀಲರು ಈ ಎರಡು ಊರುಗಳ ನಡುವಣ ಗೆರೆಯನ್ನು ಚೆನ್ನಾಗಿ ಬಲ್ಲವರಾಗಿದ್ದರು.

ನಮ್ಮ ತಾತ ಅಂಥ ಗುಮಾಸ್ತರಲ್ಲಿ ಒಬ್ಬರು. ಸೆಂಟ್ರಲ್ ಕಾಲೇಜಿನಲ್ಲಿ ಬಿ.ಎ. ಓದಿ ಅಠಾರಾ ಕಛೇರಿಯಲ್ಲಿ ಲೆಕ್ಕಪತ್ರದ ಶಾಖೆಗೆ ಸೇರಿದವರು. ರುಮಾಲು, ಮುಚ್ಚುಕೋಟು, ಕಚ್ಚೆಪಂಚೆ. ರಾತ್ರಿ ಊಟವಾದ ಮೇಲೆ ಶೇಕ್ಸ್‌ಪಿಯರನ ನಾಟಕದಲ್ಲಿ ಒಂದು ಅಂಕವನ್ನಾದರೂ ಓದದೆ ಅವರು ಮಲಗುತ್ತಿರಲಿಲ್ಲ. ಇಂಗ್ಲಿಷ್ ಅಧ್ಯಾಪಕರು ಪಾಠ ಹೇಳುತ್ತಿದ್ದ ರೀತಿಯನ್ನೂ, ಅವರು ಹೊತ್ತಿಗೆ ಸರಿಯಾಗಿ ತರಗತಿಗೆ ಬರುತ್ತಿದ್ದುದನ್ನೂ, ವಿದ್ಯಾರ್ಥಿಯ ತಪ್ಪನ್ನು ತಿದ್ದುವಾಗ ಅವನ ಜಾತಿಯನ್ನು ಕೇಳದೆ ಇದ್ದುದನ್ನೂ ಕೊನೆಯವರೆಗೆ ಕೊಂಡಾಡುತ್ತಿದ್ದರು.

ಇಂಥವರು ಸುಮಾರು 1920ರಲ್ಲಿ ಒಂದು ಸಂಜೆ ದಂಡಿನ ಕಡೆಗೆ ಹೋದರು. ಹೊರಗಿನಿಂದ ಬಂದ ಮಂಡಲಿಯೊಂದು ಶೇಕ್ಸ್‌ಪಿಯರನ ನಾಟಕವನ್ನು ಆಡುವುದಿತ್ತು. ಟಿಕೆಟ್ಟಿನ ಹಣವನ್ನು ಎರಡು ತಿಂಗಳು ಕೂಡಿಟ್ಟಿದ್ದರು. ಆಟ ಆರಂಭವಾಗುವ ಹೊತ್ತಿಗೆ ಒಬ್ಬ ಆಳು ಬಂದು ಅವರನ್ನು ಕುರ್ಚಿಯಿಂದ ಏಳಿಸಿದ; ಯಾರೋ ಅಧಿಕಾರಿಯ ಕುಟುಂಬಕ್ಕೆ ಜಾಗ ಬೇಕಾಗಿತ್ತು. ಟಿಕೆಟ್ಟನ್ನು ತೋರಿಸಿದರು. ಅದನ್ನು ಯಾರೂ ನೋಡಲಿಲ್ಲ. ಹಿಂದೆ ನಿಂತು ನೋಡಬಹುದೆಂದು ಸೂಚಿಸಿದರು. ತಾತ ನಿಲ್ಲಲಿಲ್ಲ. ನಡೆದುಕೊಂಡೇ ಚಾಮರಾಜಪೇಟೆಗೆ ಬಂದು, ಊಟ ಮಾಡದೆ, ಅದೇ ನಾಟಕವನ್ನು ದೀಪದ ಮುಂದೆ ಕೂತು ಮೊದಲಿನಿಂದ ಕೊನೆಯವರೆಗೆ ಓದಿದರಂತೆ. ಈ ಸಂಗತಿಯನ್ನು ನನಗೆ ಹೇಳಿದವರು ಅಜ್ಜಿ. ತಾತ ಅದರ ಮಾತನ್ನೇ ಎತ್ತುತ್ತಿರಲಿಲ್ಲ. ಆ ಮೇಲೆ ಅವರು ಶೇಕ್ಸ್‌ಪಿಯರನನ್ನು ಬಿಡಲಿಲ್ಲ. ದಂಡಿಗೆ ಮಾತ್ರ ಸಂತೋಷಕ್ಕಾಗಿ ಮತ್ತೆ ಹೋಗಲಿಲ್ಲ.

ಇದು ಒಬ್ಬರ ಅಪಮಾನ. ಇಡೀ ನಾಡಿನ ಅಸಮಾಧಾನಕ್ಕೆ ಇದಕ್ಕಿಂತ ಭಾರವಾದ ಕಾರಣಗಳಿದ್ದುವು. 1876ರಿಂದ 1878ರವರೆಗೆ ನಡೆದ ಧಾತು ಈಶ್ವರ ಬರಗಾಲ ಮೈಸೂರು ನೇರವಾಗಿ ಇಂಗ್ಲಿಷರ ಆಡಳಿತದಲ್ಲಿದ್ದ ಕಾಲದಲ್ಲಿಯೇ ಬಂದದ್ದು. 1871ರ ಜನಗಣತಿಯಲ್ಲಿ ಸುಮಾರು 50.5 ಲಕ್ಷವಿದ್ದ ಪ್ರಜೆಗಳ ಸಂಖ್ಯೆ 1881ರಲ್ಲಿ ಸುಮಾರು 41.9 ಲಕ್ಷಕ್ಕೆ ಇಳಿಯಿತು. ಐದಾರು ಜನರಲ್ಲಿ ಒಬ್ಬರಂತೆ ಇಲ್ಲವಾದರು. ರಾಜ್ಯ ಹಿಂದಿರುಗಿ ಬಂದಾಗ ಅದರ ತಲೆಯ ಮೇಲೆ 80 ಲಕ್ಷ ರೂಪಾಯಿ ಸಾಲವಿತ್ತು. ಅಷ್ಟಾದರೂ ಕಪ್ಪವನ್ನು 35 ಲಕ್ಷಕ್ಕೆ ಏರಿಸುವ ಕರಾರು ಜೊತೆಯಲ್ಲಿಯೇ ಬಂದಿತು. ಬರದ ಕಾರಣದಿಂದ ಅದನ್ನು ಮುಂದಕ್ಕೆ ಹಾಕಿ 1896ರಿಂದ ವಸೂಲು ಮಾಡಿದರು. ದೇಶೀಯ ಸಂಸ್ಥಾನಗಳು ಸಲ್ಲಿಸುತ್ತಿದ್ದ ಕಪ್ಪದಲ್ಲಿ ಅತ್ಯಂತ ದೊಡ್ಡ ಪಾಲು ಮೈಸೂರಿನದು. ತಾತ ವರ್ಷವರ್ಷವೂ ಆ ಅಂಕಿಯನ್ನು ಲೆಕ್ಕದ ಪುಸ್ತಕದಲ್ಲಿ ದುಂಡಗೆ ಬರೆದವರು. ಒಂದು ಕೆರೆಯ ದುರಸ್ತಿಗೆ ಕೆಲವು ಸಾವಿರ ಮಂಜೂರಾಗಲು ಎಷ್ಟು ಕಾಗದಗಳು ಓಡಾಡಬೇಕು ಎಂಬುದನ್ನು ಬಲ್ಲವರಿಗೆ, ಯಾವ ಪ್ರಶ್ನೆಯೂ ಇಲ್ಲದೆ ಹೊರಟುಹೋಗುವ 35 ಲಕ್ಷದ ಭಾರ ಏನೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇನ್ನು ಉಳಿದ ಪ್ರತಿಮೆಯ ಕಥೆ. ಮಾರ್ಕ್ ಕಬ್ಬನ್ 1834ರಿಂದ 1861ರವರೆಗೆ ಮೈಸೂರಿನ ಕಮಿಷನರಾಗಿದ್ದ. ಪ್ರಜೆಗಳು ಆರಿಸಿದ ಅಧಿಕಾರಿಯಲ್ಲ. ಪ್ರಜೆಗಳಿಗೆ ಉತ್ತರ ಹೇಳಬೇಕಾದವನೂ ಅಲ್ಲ. ಆದರೂ ಅವನ ಕಾಲದಲ್ಲಿ ಸುಮಾರು 1,600 ಮೈಲಿ ರಸ್ತೆಗಳಾದುವು. ಅದಕ್ಕಿಂತ ಮುಖ್ಯವಾದ ಮಾತೊಂದುಂಟು. 1860ರಲ್ಲಿ ಮೈಸೂರಿನ ಮೇಲ್ವಿಚಾರಣೆಯನ್ನು ಮದರಾಸು ಸರ್ಕಾರಕ್ಕೆ ಒಪ್ಪಿಸಬೇಕೆಂಬ ಆಜ್ಞೆ ಬಂದಾಗ, ಅಧಿಕಾರವಿಲ್ಲದೆ ಅರಮನೆಯಲ್ಲಿದ್ದ ಮುಮ್ಮಡಿಯವರು ಅದನ್ನು ವಿರೋಧಿಸಿದರು; ಅವರ ಅಧಿಕಾರವನ್ನು ನಡೆಸುತ್ತಿದ್ದ ಕಬ್ಬನ್ನನೂ ವಿರೋಧಿಸಿ ರಾಜೀನಾಮೆಗೆ ಸಿದ್ಧನಾದ. ಆಜ್ಞೆ ಹಿಂದಕ್ಕೆ ಹೋಯಿತು. ಮರುವರ್ಷ ಊರಿಗೆ ಹೊರಟ ಕಬ್ಬನ್ ದಾರಿಯಲ್ಲಿ ಸೂಯೆಜ್‌ನಲ್ಲಿಯೇ ತೀರಿಕೊಂಡ. ಅವನ ಹೆಸರಿನ ಉದ್ಯಾನಕ್ಕೆ 1927ರಲ್ಲಿ ಶ್ರೀ ಚಾಮರಾಜೇಂದ್ರ ಉದ್ಯಾನವೆಂದು ನಾಮಕರಣವಾಯಿತು. ಫಲಕ ಬದಲಾಯಿತೇ ಹೊರತು ಜನರ ಬಾಯಲ್ಲಿ ಅದು ಕಬ್ಬನ್ ಪಾರ್ಕಾಗಿಯೇ ಉಳಿದಿದೆ. ಪ್ರತಿಮೆಯನ್ನು 2020ರಲ್ಲಿ ಉಚ್ಚ ನ್ಯಾಯಾಲಯದ ಆವರಣದಿಂದ ಆ ಉದ್ಯಾನದೊಳಕ್ಕೆ ಸಾಗಿಸಿದರು, ಕೆಡವಲಿಲ್ಲ. ತಾತನ ಮಾತು ನಿಂತಿತು.

ಗೆದ್ದ ರಾಷ್ಟ್ರದಲ್ಲಿಯೇ ನಮ್ಮ ಪರವಾಗಿ ಮಾತನಾಡಿದವರು ಇದ್ದರು ಎಂಬುದನ್ನೂ ಮರೆಯಬಾರದು. ಮುಮ್ಮಡಿಯವರಿಗೆ ಔರಸ ಪುತ್ರರಿಲ್ಲದ ಕಾರಣ ಅವರ ಕಾಲಾನಂತರ ಮೈಸೂರು ಇಂಗ್ಲಿಷರ ರಾಜ್ಯದಲ್ಲಿ ಲೀನವಾಗುವ ಸಂಭವವಿತ್ತು. ಮೇಜರ್ ಇವಾನ್ಸ್ ಬೆಲ್ ಎಂಬ ಇಂಗ್ಲಿಷ್ ಸೇನಾಧಿಕಾರಿ 1865ರಲ್ಲಿ 'ಮೈಸೂರ್ ರಿವರ್ಷನ್' ಎಂಬ ಗ್ರಂಥವನ್ನು ಬರೆದು ಅದು ಅನ್ಯಾಯವೆಂದು ವಾದಿಸಿದ. 1867ರಲ್ಲಿ ದತ್ತು ಸ್ವೀಕಾರಕ್ಕೆ ಮಾನ್ಯತೆ ದೊರೆಯಿತು. ತನ್ನ ಸರ್ಕಾರದ ತಪ್ಪನ್ನು ತನ್ನ ಊರಿನಲ್ಲಿಯೇ, ತನ್ನ ಭಾಷೆಯಲ್ಲಿಯೇ ಎತ್ತಿ ಹೇಳಲು ಒಬ್ಬನಿಗೆ ಸಾಧ್ಯವಾಗುವ ರಾಷ್ಟ್ರದ ಮೇಲೆ ಹೊರಗಿನವರಿಗೆ ಗೌರವ ಹುಟ್ಟುತ್ತದೆ. ಆ ಗೌರವ ತೋಪಿನ ಸದ್ದಿಗೆ ಹುಟ್ಟುವುದಲ್ಲ.

ಇಲ್ಲಿ ಬಿ.ಎಲ್. ರೈಸ್ ಅವರ ಹೆಸರನ್ನು ಹೇಳದಿರಲಾಗದು. ಪಾದ್ರಿಯೊಬ್ಬರ ಮಗನಾಗಿ 1837ರಲ್ಲಿ ಬೆಂಗಳೂರಿನಲ್ಲಿಯೇ ಹುಟ್ಟಿದವರು. ಸುಮಾರು ಒಂಬತ್ತು ಸಾವಿರ ಶಾಸನಗಳನ್ನು ಸಂಗ್ರಹಿಸಿ 'ಎಪಿಗ್ರಾಫಿಯಾ ಕರ್ನಾಟಿಕಾ' ಸಂಪುಟಗಳಲ್ಲಿ ಪ್ರಕಟಿಸಿದವರು. ಅವರು ಹೊರತಂದ ಗ್ರಂಥಮಾಲೆಯಲ್ಲಿಯೇ 1898ರಲ್ಲಿ, ಕೆ.ಬಿ. ಪಾಠಕರ ಸಂಪಾದಕತ್ವದಲ್ಲಿ, 'ಕವಿರಾಜಮಾರ್ಗ' ಅಚ್ಚಾಯಿತು. ನೃಪತುಂಗನ ಆಸ್ಥಾನದ ಆ ಕೃತಿಯಿಂದ ಕನ್ನಡದ ಪ್ರಾಚೀನತೆ ನಮಗೆ ಕೈಗನ್ನಡಿಯಾಯಿತು. ಕೆಡವಿದ ಆ ಕಂಬದ ಹೆಸರಿನಲ್ಲಿ ಒಂದು ರಸ್ತೆಯಿತ್ತು, ಸೆನೋಟಾಫ್ ರಸ್ತೆ. ಅದಕ್ಕೆ ಇಂದು ನೃಪತುಂಗ ರಸ್ತೆಯೆಂದು ಹೆಸರು. ಗೆದ್ದವರ ಹೆಸರನ್ನು ಅಳಿಸಿ ನಾವು ಹೆಮ್ಮೆಯಿಂದ ಬರೆದುಕೊಂಡ ಹೆಸರಿನ ಗ್ರಂಥವನ್ನು ಅಚ್ಚಿಗೆ ತಂದುಕೊಟ್ಟವರಲ್ಲಿ ಗೆದ್ದವರ ಕುಲದವರೊಬ್ಬರೂ ಇದ್ದರು. ಇಂಥ ಋಣವನ್ನು ಒಪ್ಪಿಕೊಂಡರೆ ನಮ್ಮ ಹೆಮ್ಮೆಗೆ ಕುಂದು ಬಾರದು. ಕಂಬವನ್ನು ಕೆಡವಿದ್ದು ತಪ್ಪೆಂದೂ ಅದರಿಂದ ಸಿದ್ಧವಾಗದು.

ಹಾಗಾದರೆ ಮೆಚ್ಚುಗೆ ಒಂದು ಕಡೆ, ಅಸಮಾಧಾನ ಒಂದು ಕಡೆ, ಎರಡನ್ನೂ ತೂಗಿ ನೋಡಿದರೆ ಮುಗಿಯಿತೆ? ಅಷ್ಟು ಸುಲಭವಲ್ಲ. ಇವೆರಡಕ್ಕೂ ಒಂದು ಒಳಸಂಬಂಧವಿದೆ. 1858ರ ನವೆಂಬರ್ 1ರ ಘೋಷಣೆಯಲ್ಲಿ ವಿಕ್ಟೋರಿಯಾ ರಾಣಿ ಜನಾಂಗ, ಮತಗಳ ಭೇದವಿಲ್ಲದೆ ಪ್ರಜೆಗಳನ್ನು ಅಧಿಕಾರ ಸ್ಥಾನಗಳಿಗೆ ತೆಗೆದುಕೊಳ್ಳುವುದಾಗಿ ವಚನವಿತ್ತಳು. ನಮ್ಮ ವಿದ್ಯಾವಂತರು ಆ ವಚನವನ್ನು ನಂಬಿದರು. ಇಂಗ್ಲಿಷ್ ಗ್ರಂಥಗಳಲ್ಲಿ ಸ್ವಾತಂತ್ರ್ಯದ, ಸಮಾನತೆಯ ಮಾತುಗಳನ್ನು ಓದಿ ಅವು ತಮಗೂ ಸಲ್ಲುತ್ತವೆಂದು ತಿಳಿದರು. ಆ ಮೇಲೆ ಕುರ್ಚಿಯಿಂದ ಎಬ್ಬಿಸಿದಾಗ ನೋವು ಇಮ್ಮಡಿಯಾಯಿತು. ಯಾರಿಂದ ಏನನ್ನೂ ನಿರೀಕ್ಷಿಸುವುದಿಲ್ಲವೋ ಅವರ ಮೇಲೆ ಅಂಥ ಸಿಟ್ಟು ಬರುವುದಿಲ್ಲ. ಕಳ್ಳ ಕದ್ದರೆ ಪೊಲೀಸರಿಗೆ ದೂರು ಕೊಡುತ್ತೇವೆ; ಗುರು ಸುಳ್ಳಾಡಿದರೆ ಎದೆ ಒಡೆಯುತ್ತದೆ. ಮೆಚ್ಚುಗೆಯೇ ಅಳತೆಗೋಲಾಯಿತು, ಆ ಕೋಲಿನಿಂದಲೇ ಆಳುವವರನ್ನು ಅಳೆದರು.

ಹಳೆಯ ಬೆಂಗಳೂರಿನ ಹಿರಿಯರು ಆ ಅಳತೆಗೋಲನ್ನು ಹೇಗೆ ಬಳಸಿದರೆಂಬುದಕ್ಕೆ ನಿದರ್ಶನಗಳು ನಮ್ಮ ಸುತ್ತಲೇ ಇವೆ. ಇಂಗ್ಲಿಷ್ ಪ್ರಾಧ್ಯಾಪಕರಾಗಿದ್ದ ಬಿ.ಎಂ. ಶ್ರೀಕಂಠಯ್ಯನವರು ಇಂಗ್ಲಿಷ್ ಕಾವ್ಯವನ್ನು ಪ್ರೀತಿಸಿದರು. ಪ್ರೀತಿಸಿ ಅದರ ಮುಂದೆ ಕೈಕಟ್ಟಿ ನಿಲ್ಲಲಿಲ್ಲ, 'ಇಂಗ್ಲಿಷ್ ಗೀತಗಳು' ಬರೆದು ಅದರ ಸತ್ವವನ್ನು ಕನ್ನಡಕ್ಕೆ ತಂದುಕೊಂಡರು. ಮುಂದೆ ಚಾಮರಾಜಪೇಟೆಯ ಕನ್ನಡ ಸಾಹಿತ್ಯ ಪರಿಷತ್ತಿಗಾಗಿ ದುಡಿದರು. ಡಿ.ವಿ. ಗುಂಡಪ್ಪನವರು ಗೋಪಾಲಕೃಷ್ಣ ಗೋಖಲೆಯವರ ಹೆಸರಿನಲ್ಲಿ 1945ರಲ್ಲಿ ಸಾರ್ವಜನಿಕ ವಿಚಾರ ಸಂಸ್ಥೆಯನ್ನು ಸ್ಥಾಪಿಸಿದರು. ಇಂಗ್ಲಿಷರ ರಾಜ್ಯನೀತಿಯನ್ನು ಅಭ್ಯಾಸಮಾಡಿ, ಅದರ ಆಧಾರದ ಮೇಲೆಯೇ ಇಂಗ್ಲಿಷರನ್ನು ಪ್ರಶ್ನಿಸಿದವರು ಗೋಖಲೆ. ಬಸವನಗುಡಿಯ ನ್ಯಾಷನಲ್ ಹೈಸ್ಕೂಲಿಗೆ 1917ರಲ್ಲಿ ಪ್ರೇರಣೆಯಾದ ಅನಿಬೆಸೆಂಟರು ಹುಟ್ಟಿದ್ದು ಲಂಡನ್ನಿನಲ್ಲಿ. ಅದೇ ವರ್ಷ ಅವರನ್ನು ಬಂಧನದಲ್ಲಿಟ್ಟದ್ದು ಮದರಾಸಿನ ಇಂಗ್ಲಿಷ್ ಸರ್ಕಾರ. ಇಂಗ್ಲಿಷರು ಎಂದು ಒಂದೇ ಮಾತಿನಲ್ಲಿ ಹೇಳಿ ಮುಗಿಸುವುದು ಬಸವನಗುಡಿಯವರಿಗೆ ಸಾಧ್ಯವಿರಲಿಲ್ಲ.

1947ರ ಜುಲೈ 26ರಂದು ದಂಡು ಮೈಸೂರು ಸರ್ಕಾರಕ್ಕೆ ಮರಳಿತು. ಅದಾದ ಮೇಲೆ ಒಂದು ಸಂಜೆ ತಾತ ರುಮಾಲು ಸುತ್ತಿಕೊಂಡು, ಅಜ್ಜಿಯನ್ನು ಜಟಕಾ ಗಾಡಿಯಲ್ಲಿ ಕೂರಿಸಿಕೊಂಡು ಸೌತ್ ಪೆರೇಡಿಗೆ ಹೋದರಂತೆ. ಏನನ್ನೂ ಕೊಳ್ಳಲಿಲ್ಲ. ಒಂದು ತುದಿಯಿಂದ ಇನ್ನೊಂದು ತುದಿಗೆ ನಡೆದು ಹಿಂದಿರುಗಿದರು. ಮರುವರ್ಷ ಆ ರಸ್ತೆಗೆ ಮಹಾತ್ಮ ಗಾಂಧಿಯವರ ಹೆಸರು ಬಂದಿತು.

ಒಂದು ಬಲ ಹಿಂದಕ್ಕೆ ಸರಿಯಿತು. ಇನ್ನೊಂದು ಮುಂದೆ ಬಂದಿತು. 1956ರಿಂದ ಅಮೆರಿಕದ ಗೋಧಿ ಪಿ.ಎಲ್. 480 ಎಂಬ ಕಾನೂನಿನ ಮೇರೆಗೆ ನಮ್ಮ ದೇಶಕ್ಕೆ ಬರತೊಡಗಿತು. ನಮ್ಮ ನಾಡಿನ ಎಷ್ಟೋ ಶಾಲೆಗಳಲ್ಲಿ ಮಕ್ಕಳು ಕೇರ್ ಸಂಸ್ಥೆಯ ಉಪ್ಪಿಟ್ಟನ್ನು ತಿಂದು, ಹಾಲಿನ ಪುಡಿಯ ಹಾಲನ್ನು ಕುಡಿದರು. ಅದರ ರುಚಿಯನ್ನು ಇಂದಿಗೂ ಪ್ರೀತಿಯಿಂದ ನೆನೆಯುವವರಿದ್ದಾರೆ. ಅದೇ ಕಾಲದಲ್ಲಿ, 1965 ಮತ್ತು 1966ರ ಬರದ ದಿನಗಳಲ್ಲಿ, ಅಧ್ಯಕ್ಷ ಜಾನ್ಸನ್ ನಮ್ಮ ನೀತಿಯನ್ನು ಗಮನಿಸುತ್ತ ಗೋಧಿಯನ್ನು ಅಳೆದಳೆದು ಬಿಡುತ್ತಿದ್ದರೆಂಬುದನ್ನು ದೊಡ್ಡವರು ಮರೆತಿಲ್ಲ. ಗೋಧಿ ಒಂದೇ, ಕೊಟ್ಟ ಕೈಯ ರೀತಿ ಎರಡು.

1942ರಲ್ಲಿ ವಿದ್ಯಾರ್ಥಿಯಾಗಿ ಚಳವಳಿ ಸೇರಿ ಸೆರೆಮನೆ ಕಂಡ ಎಚ್. ನರಸಿಂಹಯ್ಯನವರು ಅಮೆರಿಕಕ್ಕೆ ಹೋಗಿ 1960ರಲ್ಲಿ ಒಹಾಯೊ ಸ್ಟೇಟ್ ವಿಶ್ವವಿದ್ಯಾನಿಲಯದಿಂದ ಭೌತವಿಜ್ಞಾನದಲ್ಲಿ ಡಾಕ್ಟರೇಟ್ ಪಡೆದರು. ಖಾದಿಯನ್ನು ಬಿಡಲಿಲ್ಲ, ಹಿಂದಿರುಗಿ ನ್ಯಾಷನಲ್ ಕಾಲೇಜಿನ ವಿದ್ಯಾರ್ಥಿನಿಲಯದ ಕೋಣೆಯಲ್ಲಿಯೇ ಕೊನೆಯವರೆಗೆ ಬಾಳಿದರು. ಅಲ್ಲಿನ ವಿದ್ಯೆಯನ್ನು ಮೆಚ್ಚುವುದಕ್ಕೆ ತಮ್ಮತನವನ್ನು ಒತ್ತೆಯಿಡಬೇಕಾಗಿಲ್ಲ ಎಂಬುದನ್ನು ಅವರು ಬದುಕಿ ತೋರಿಸಿದರು.

ನಮ್ಮ ಚಿಕ್ಕಪ್ಪನೂ 1967ರಲ್ಲಿ ಎಂಜಿನಿಯರಿಂಗ್ ಓದಲು ಅಮೆರಿಕಕ್ಕೆ ಹೋದರು. ಅವರ ನೀಲಿ ಏರ್‌ಮೇಲ್ ಕಾಗದಗಳನ್ನು ತಾತ ಶೇಕ್ಸ್‌ಪಿಯರನ ಸಂಪುಟದ ನಡುವೆ ಇಟ್ಟುಕೊಳ್ಳುತ್ತಿದ್ದರು. ಅಲ್ಲಿನ ಗ್ರಂಥಾಲಯದಲ್ಲಿ ಯಾರು ಬೇಕಾದರೂ ಎಷ್ಟು ಹೊತ್ತು ಬೇಕಾದರೂ ಕೂತು ಓದಬಹುದೆಂದು ಬರೆದಿದ್ದ ಕಾಗದವನ್ನು ಬಂದವರಿಗೆಲ್ಲ ಓದಿ ಹೇಳಿದರು. 1971ರ ಡಿಸೆಂಬರಿನಲ್ಲಿ, ಬಾಂಗ್ಲಾ ಯುದ್ಧದ ನಡುವೆ, ಅಮೆರಿಕದ ನೌಕಾಪಡೆ ಬಂಗಾಳ ಕೊಲ್ಲಿಯತ್ತ ಬರುತ್ತಿದೆ ಎಂಬ ವಾರ್ತೆ ರೇಡಿಯೋದಲ್ಲಿ ಬಂದಿತು. ತಾತನಿಗೆ ಆಗ ಎಂಬತ್ತು ಸಮೀಪಿಸಿತ್ತು. ವಾರ್ತೆ ಮುಗಿಯುವವರೆಗೆ ಕೇಳಿ, "ಮತ್ತೆ ಕುರ್ಚಿಯಿಂದ ಏಳಿಸೋದಕ್ಕೆ ಬಂದರು" ಎಂದರು. ಆ ಕುರ್ಚಿಯ ಮಾತನ್ನು ಅವರ ಬಾಯಿಂದ ನಾನು ಕೇಳಿದ್ದು ಅದೊಂದೇ ಸಲ. ಅದೇ ವರ್ಷದ ಏಪ್ರಿಲಿನಲ್ಲಿ ಢಾಕಾದ ಅಮೆರಿಕನ್ ಕಾನ್ಸಲ್ ಜನರಲ್ ಆರ್ಚರ್ ಬ್ಲಡ್ ತನ್ನ ಸರ್ಕಾರದ ಮೌನವನ್ನು ಖಂಡಿಸಿ ತಂತಿ ಕಳುಹಿಸಿದ್ದನೆಂಬುದು ನನಗೆ ತಿಳಿದದ್ದು ಎಷ್ಟೋ ಕಾಲದ ಮೇಲೆ. ತಿಳಿದಿದ್ದರೆ ತಾತ ಆ ಹೆಸರನ್ನು ಇವಾನ್ಸ್ ಬೆಲ್ಲನ ಪಕ್ಕದಲ್ಲಿ ಬರೆದಿಟ್ಟುಕೊಳ್ಳುತ್ತಿದ್ದರು.

ಇಷ್ಟನ್ನು ಹೇಳಿ ನಾನು ನಿಲ್ಲಿಸಬಹುದಿತ್ತು. ಆದರೆ ಅಳತೆಗೋಲನ್ನು ಪರರ ಕಡೆಗೆ ಮಾತ್ರ ಹಿಡಿಯುವುದು ನ್ಯಾಯವಲ್ಲ. 1956ರಲ್ಲಿ ಕನ್ನಡ ನಾಡು ಒಂದಾದಾಗ ಬೆಂಗಳೂರು ಅದರ ರಾಜಧಾನಿಯಾಯಿತು. ಇಂದು ರಾಯಚೂರಿನಿಂದ, ಕಲಬುರಗಿಯಿಂದ ಬರುವ ಯುವಕನ ಕಣ್ಣಿಗೆ ಬಲಿಷ್ಠ ಊರು ನಮ್ಮದೇ. ಡಿ.ಎಂ. ನಂಜುಂಡಪ್ಪನವರ ಸಮಿತಿ 2002ರಲ್ಲಿ ರಾಜ್ಯದ 175 ತಾಲ್ಲೂಕುಗಳಲ್ಲಿ 114 ಹಿಂದುಳಿದಿವೆ ಎಂದು ವರದಿ ಕೊಟ್ಟಿತು. ಆ ಯುವಕನೂ ನಮ್ಮ ಕಾಲೇಜುಗಳನ್ನು, ಆಸ್ಪತ್ರೆಗಳನ್ನು ಮೆಚ್ಚುತ್ತಾನೆ. ಅವನ ಮಾತಿನ ಧಾಟಿಗೆ ಇಲ್ಲಿ ಯಾರಾದರೂ ನಕ್ಕರೆ ತಲೆ ತಗ್ಗಿಸುತ್ತಾನೆ. ಅವನ ಅಸಮಾಧಾನವನ್ನು ಹೊಟ್ಟೆಕಿಚ್ಚೆಂದು ತಳ್ಳಿಹಾಕುವ ಬೆಂಗಳೂರಿಗನಿಗೂ, ಟಿಕೆಟ್ಟನ್ನು ನೋಡದೆ ಕುರ್ಚಿಯಿಂದ ಎಬ್ಬಿಸಿದ ಆ ಆಳಿಗೂ ವ್ಯತ್ಯಾಸವೇನು?

ಬಲಕ್ಕೆ ಜನ ಹೆದರುತ್ತಾರೆ. ಬಲವನ್ನೇ ಮೆಚ್ಚುವವರು, ಬಲವನ್ನೇ ಹಳಿಯುವವರು ಕಡಮೆ. ಬಲವುಳ್ಳವನು ಆಡಿದ ಮಾತನ್ನು ಎಲ್ಲರಿಗೂ ಒಂದೇ ಸಮನಾಗಿ ನಡೆಸಿಕೊಟ್ಟಾನೆಯೆ ಎಂದು ಅವರು ನೋಡುತ್ತಿರುತ್ತಾರೆ. ನಡೆಸಿಕೊಟ್ಟಲ್ಲಿ ಅವನ ಹೆಸರನ್ನು ಅಳಿಸಿದರೂ ಅಳಿಯದು. ತಪ್ಪಿದಲ್ಲಿ ಕಲ್ಲಿನಲ್ಲಿ ಕೆತ್ತಿದರೂ ಉಳಿಯದು.

ತಾತನ ಶೇಕ್ಸ್‌ಪಿಯರ್ ಸಂಪುಟ ಈಗ ನನ್ನ ಮೇಜಿನ ಮೇಲಿದೆ. ಅದರ ನಡುವೆ ಚಿಕ್ಕಪ್ಪನ ಕಾಗದಗಳ ಜೊತೆಯಲ್ಲಿ ಹಳೆಯದೊಂದು ಟಿಕೆಟ್ಟೂ ಇದೆ. ಎರಡನ್ನೂ ಅವರು ಒಂದೇ ಪುಸ್ತಕದಲ್ಲಿ ಇಟ್ಟಿದ್ದರು. ನಾನೂ ಹಾಗೆಯೇ ಇಟ್ಟಿದ್ದೇನೆ.

(ಬಾನುಲಿ ಭಾಷಣ)